ಬೀಳುವುದಕ್ಕೆ ಜಾಗ

“ಗುರುಗಳೇ, ಒಳ್ಳೆಯ ಅಭ್ಯಾಸ ಮನುಷ್ಯನನ್ನು ಕಾಯುವುದಿಲ್ಲ ಎಂದಮೇಲೆ ಅದನ್ನು ಇಟ್ಟುಕೊಳ್ಳುವುದು ಯಾತಕ್ಕೆ?”

ಹಾಲೇಶ ಹೀಗೆ ಕೇಳಿದ. ಕೇಳುವಾಗ ನೆಲ ನೋಡುತ್ತಿದ್ದ. ಇಂಥ ಪ್ರಶ್ನೆಗಳಿಗೆ ಬಾಲವಿರುತ್ತದೆ, ಅದೂ ಹೊರಗೆ ಬರಲಿ ಎಂದು ಗುರುಗಳು ಕಾದರು.

ಬಾಲ ಬಂತು. ಹಾಲೇಶನ ಅಕ್ಕನಿಗೆ ಎದೆಯ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮುಗಿದಿತ್ತು, ಔಷಧಿಯ ಸುತ್ತುಗಳೂ ಮುಗಿದಿದ್ದವು. ಇನ್ನು ಎದ್ದು ಓಡಾಡಬೇಕು, ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು, ಮನೆಯ ಹಗುರ ಕೆಲಸ ಮಾಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ತಿಂಗಳಾಗಿತ್ತು. ಅಕ್ಕ ಇನ್ನೂ ಮಂಚದ ಮೇಲೇ ಇದ್ದಳು.

“ಅವಳು ಎಲೆ ಅಡಿಕೆ ಕೂಡ ಬಾಯಿಗೆ ಹಾಕಿದವಳಲ್ಲ. ದಿನಾ ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದವಳು. ಅಂಥವಳಿಗೇ ಬಂತು. ಈಗ ಮತ್ತೆ ನಡಿ ಅಂತ ಯಾವ ಬಾಯಲ್ಲಿ ಹೇಳಲಿ?”

ಗುರುಗಳು, “ಒಂದು ಊರಿನಲ್ಲಿ ಒಬ್ಬ ಪೈಲ್ವಾನನಿದ್ದ” ಎಂದರು.

ಯಾವ ಊರು ಎಂದು ಹೇಳಲಿಲ್ಲ. ಇದೇ ಕತೆಯನ್ನು ಹಿಂದೆ ಹೇಳಿದಾಗ ಒಮ್ಮೆ ಮೈಸೂರು ಎಂದಿದ್ದರು, ಇನ್ನೊಮ್ಮೆ ದಾವಣಗೆರೆ ಎಂದಿದ್ದರು. ಅವನು ನಮ್ಮವನು ಎಂದು ಎರಡೂ ಊರಿನವರು ಜಗಳಕ್ಕೆ ಬಂದರಂತೆ. ಅಂದಿನಿಂದ ಊರಿನ ಹೆಸರು ಬಿಟ್ಟಿದ್ದರು.

ಆ ಪೈಲ್ವಾನನಿಗೆ ಚಟ ಎಂಬುದೇ ಇರಲಿಲ್ಲ. ಬೀಡಿಯಿಲ್ಲ, ಹೆಂಡವಿಲ್ಲ, ಹೊಗೆಸೊಪ್ಪಿಲ್ಲ. ಕೋಳಿ ಕೂಗುವ ಮೊದಲೇ ಗರಡಿಮನೆಗೆ ಹೋಗಿ ಸಾಮು ಮಾಡುತ್ತಿದ್ದ. ಅವನು ದಂಡೆ ಹೊಡೆಯುವ ಸದ್ದಿಗೇ ಕೋಳಿಗೆ ಎಚ್ಚರವಾಗುತ್ತಿತ್ತು ಎನ್ನುವವರೂ ಇದ್ದರು. ಕೋಳಿಯನ್ನು ಕೇಳಿ ನೋಡಿದವರು ಯಾರೂ ಇಲ್ಲ. ಕುಸ್ತಿ ಬಿಟ್ಟಮೇಲೂ ಕುಸ್ತಿಯ ಊಟ ಬಿಡದೆ ಮೂಟೆಯಾದ ಪೈಲ್ವಾನರು ಊರೂರಿಗೆ ಇದ್ದಾರೆ. ಇವನು ಹಾಗಾಗಲಿಲ್ಲ. ವಯಸ್ಸಾಯಿತೆಂದು ಪಂದ್ಯಕ್ಕೆ ಇಳಿಯುವುದನ್ನು ನಿಲ್ಲಿಸಿದ ದಿನವೇ ತಟ್ಟೆಯನ್ನೂ ಚಿಕ್ಕದು ಮಾಡಿಕೊಂಡ. ಸಾಮು ಮಾತ್ರ ಬಿಡಲಿಲ್ಲ. ಊರಿನವರಿಗೆ ಕುಸ್ತಿ ಕಲಿಸುತ್ತ ಉಸ್ತಾದನಾದ.

ಅವನ ಮನೆಯ ಎದುರಿಗೆ ಒಬ್ಬ ಜವಳಿ ವ್ಯಾಪಾರಿಯ ಅಂಗಡಿಯಿತ್ತು. ವ್ಯಾಪಾರಿ ಗಾದಿಯಿಂದ ಕೆಳಗಿಳಿಯುತ್ತಿದ್ದದ್ದು ಊಟಕ್ಕೆ ಮಾತ್ರ. ಕೆನ್ನೆಯಲ್ಲಿ ಸದಾ ಹೊಗೆಸೊಪ್ಪು. ಇಬ್ಬರೂ ಚಡ್ಡಿ ಕಾಲದ ಗೆಳೆಯರು. ಪೈಲ್ವಾನ ಅವನನ್ನು ವರ್ಷಗಟ್ಟಲೆ ಬೈದ, ಕಾಡಿದ, ಒಮ್ಮೆ ಹೊಗೆಸೊಪ್ಪಿನ ಡಬ್ಬಿಯನ್ನೇ ಬಾವಿಗೆ ಎಸೆದ. ಕೊನೆಗೆ ವ್ಯಾಪಾರಿ ಸೋತು ಹೊಗೆಸೊಪ್ಪು ಬಿಟ್ಟ.

ಅದೇ ವರ್ಷ ಪೈಲ್ವಾನನ ಕರುಳಿನಲ್ಲಿ ಕ್ಯಾನ್ಸರ್ ಕಾಣಿಸಿತು.

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು. ಆಮೇಲೆ ತಿಂಗಳುಗಟ್ಟಲೆ ನರಕ್ಕೆ ಔಷಧಿ ಹರಿಸಿದರು. ಕೊನೆಯ ದಿನ ಡಾಕ್ಟರು, “ನಿಮ್ಮ ಮೈಯಲ್ಲಿ ಕಸುವಿತ್ತು. ಅದಕ್ಕೇ ಕೊಡಬೇಕಾದ ಔಷಧಿಯನ್ನೆಲ್ಲ ಪೂರ್ತಿ ಕೊಡಲಿಕ್ಕಾಯಿತು. ಈಗ ಮಲಗಿಬಿಡಬೇಡಿ. ಭಾರ ಎತ್ತುವುದು ಬೇಡ, ನಿಧಾನವಾಗಿ ಓಡಾಡಿ” ಎಂದರು. ಪೈಲ್ವಾನನಿಗೆ ಅದು ಸೋತವನ ಬೆನ್ನು ತಟ್ಟುವ ಮಾತಿನಂತೆ ಕೇಳಿಸಿತು. ಸೋತವನ ಬೆನ್ನನ್ನು ಅವನೂ ಎಷ್ಟೋ ಸಲ ತಟ್ಟಿದ್ದ.

ಮನೆಗೆ ಬಂದ ಮಾರನೆಯ ದಿನ ವ್ಯಾಪಾರಿ ಮೂಸಂಬಿ ಹಿಡಿದುಕೊಂಡು ನೋಡಲು ಬಂದ. ಅವನ ಕೆನ್ನೆ ಉಬ್ಬಿತ್ತು.

“ಏನೋ ಅದು? ಮತ್ತೆ ಶುರು ಮಾಡಿದೆಯಾ?”

“ಮಾಡದೆ ಏನು ಮಾಡ್ಲಪ್ಪಾ? ನಿನಗೇ ಬಂತು ಅಂದಮೇಲೆ ನಾನು ಯಾವ ಭಯಕ್ಕೆ ಬಾಯಿ ಕಟ್ಟಲಿ? ಬಿಟ್ಟವನಿಗೂ ಬರುತ್ತೆ, ತಿಂದವನಿಗೂ ಬರುತ್ತೆ. ತಿಂದೇ ಬರಲಿ ಬಿಡು, ರುಚಿಯಾದರೂ ದಕ್ಕಿತು.”

ವ್ಯಾಪಾರಿ ಗೆಳೆಯನನ್ನು ನಗಿಸಲೆಂದೇ ಹಾಗೆ ಹೇಳಿದ್ದ. ಪೈಲ್ವಾನ ನಗಲಿಲ್ಲ.

ಉಳಿದದ್ದೂ ಒಂದೊಂದಾಗಿ ಕಿವಿಗೆ ಬಿತ್ತು. ಗರಡಿಗೆ ಈಗ ಯಾರೂ ಬರುತ್ತಿರಲಿಲ್ಲ. ಬೀಡಿ ಬಿಟ್ಟಿದ್ದವರು ಮತ್ತೆ ಹಚ್ಚಿದ್ದರು. ಬೆಳಗ್ಗೆ ಏಳುತ್ತಿದ್ದವರು ಮುಸುಕೆಳೆದಿದ್ದರು. ‘ಉಸ್ತಾದನಿಗೇ ಹೀಗಾಯಿತಂತೆ’ ಎಂಬ ಒಂದು ಮಾತು ಊರಿಗೆಲ್ಲ ರಜೆ ಕೊಟ್ಟುಬಿಟ್ಟಿತ್ತು.

ರೋಗಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಇದು. ತನ್ನ ಹೊಟ್ಟೆಯ ಗಾಯ ಊರಿನ ನೆಪವಾಯಿತಲ್ಲ ಎಂದು ಕುದಿದ. ಕೊನೆಗೆ ಅವರು ಹೇಳುವುದೇ ನಿಜವಿರಬೇಕು, ತಾನು ಬೆವರು ಸುರಿಸಿದ್ದೆಲ್ಲ ಹೊಳೆಯಲ್ಲಿ ಹುಣಿಸೆ ಹಣ್ಣು ತೊಳೆದಂತಾಯಿತು ಎಂದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ.

ಹೆಂಡತಿ ಅವನನ್ನು ಹೂವಿನಂತೆ ನೋಡಿಕೊಂಡಳು. ನೀರಿನ ಲೋಟವನ್ನು ಕೈಗೆ ಕೊಡದೆ ಬಾಯಿಗೇ ಹಿಡಿದಳು. ಕಾಲು ಕೆಳಗಿಟ್ಟರೆ, “ಏಳಬೇಡಿ, ನಾನಿಲ್ಲವಾ?” ಎಂದಳು. ಹೊಟ್ಟೆಯ ಗಾಯ ಮಾಗಿತ್ತು. ಕಾಲುಗಳು ಮಾತ್ರ ದಿನದಿನಕ್ಕೂ ಸೊರಗಿ ಕಡ್ಡಿಯಾದವು.

ಒಂದು ದಿನ ಅವಳು ಸಂತೆಗೆ ಹೋದ ಹೊತ್ತಿನಲ್ಲಿ ಪೈಲ್ವಾನ ಎದ್ದ. ಗರಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಊರ ಹಿರಿಯರಿಗೆ ಒಪ್ಪಿಸಿಬಿಡುವುದು ಅವನ ಉದ್ದೇಶ. ಗೋಡೆ ಹಿಡಿದುಕೊಂಡು, ಜಗಲಿ ಸಿಕ್ಕಲ್ಲಿ ಕೂತು, ಹೇಗೋ ಗರಡಿ ತಲುಪಿದ.

ಒಳಗೆ ಮಟ್ಟಿ ಇತ್ತು. ಕುಸ್ತಿ ಆಡುವ ಕೆಮ್ಮಣ್ಣಿನ ಅಂಕಣಕ್ಕೆ ಗರಡಿಯವರು ಮಟ್ಟಿ ಎನ್ನುತ್ತಾರೆ. ಅದರಾಚೆ ಒಂದು ಕಿಟಕಿ ತೆರೆದಿತ್ತು. ಅದನ್ನು ಮುಚ್ಚಲೆಂದು ಮಟ್ಟಿ ದಾಟುವಾಗ ಅವನ ಕಾಲು ಸೋತಿತು. ಬಿದ್ದ.

ಮಣ್ಣು ಕಲ್ಲಿನಂತೆ ಬಡಿಯಿತು. ಮೊಣಕೈ ತರಚಿ ರಕ್ತ ಬಂತು. ಪೈಲ್ವಾನ ಬಿದ್ದಲ್ಲೇ ಕೂತು ಮಣ್ಣಿಗೆ ಬೈದ. “ಎಷ್ಟು ಸಲ ನಿನ್ನ ಮೇಲೆ ಬಿದ್ದಿದ್ದೇನೆ! ಆನೆಯಂಥವರು ನನ್ನನ್ನು ಎತ್ತಿ ಒಗೆದಿದ್ದಾರೆ. ಒಂದು ದಿನವಾದರೂ ಹೀಗೆ ಕಚ್ಚಿದ್ದೆಯಾ?”

ಮಣ್ಣು ಮಾತಾಡಲಿಲ್ಲ. ಮಾತಾಡಿತು ಎಂದೂ ಹೇಳಬಹುದಿತ್ತು, ಈ ಕತೆಗೆ ಅದು ಬೇಡ.

ಕೂತಿದ್ದಂತೆ ಅವನಿಗೆ ನೆನಪಾಯಿತು. ಮಟ್ಟಿ ತಾನಾಗಿ ಮೆತ್ತಗಿರುವುದಿಲ್ಲ. ದಿನಾ ಬೆಳಗ್ಗೆ ಕುಸ್ತಿಗೆ ಮೊದಲು ಅದನ್ನು ಅಗೆಯಬೇಕು, ಹೆಂಟೆ ಒಡೆಯಬೇಕು, ಎಣ್ಣೆ ಮಜ್ಜಿಗೆ ಬೆರೆಸಿ ಹದ ಮಾಡಬೇಕು. ಅದು ಹೊಸಬರ ಪಾಲಿನ ಕೆಲಸ. ಹೆಸರು ಬಂದಮೇಲೆ ಅವನು ಗುದ್ದಲಿ ಮುಟ್ಟಿರಲಿಲ್ಲ. ಹಾಗಾಗಿ ಮೆತ್ತಗಿರುವುದು ಮಣ್ಣಿನ ಹುಟ್ಟುಗುಣ ಎಂದೇ ತಿಳಿದುಬಿಟ್ಟಿದ್ದ. ಈಗ ಅಗೆಯುವವರಿಲ್ಲದೆ ನಾಲ್ಕು ತಿಂಗಳಿಗೆ ಕಲ್ಲಾಗಿತ್ತು.

ಯಾಕೆ ಅಗೆಯುತ್ತಿದ್ದೆವು ಎಂದು ಅವನು ಯೋಚಿಸಿದ. ಅಗೆದ ಮಣ್ಣಿನಲ್ಲಿ ಕಾಲಿಗೆ ಹಿಡಿತ ಸಿಗುತ್ತದೆ, ಎಷ್ಟೋ ಪಟ್ಟುಗಳಿಂದ ಜಾರಿಕೊಳ್ಳಬಹುದು. ಎಲ್ಲ ಪಟ್ಟುಗಳಿಂದಲೂ ಅಲ್ಲ. ಬೀಳದ ಪೈಲ್ವಾನ ಹುಟ್ಟಿಲ್ಲ. ಬಿದ್ದೆ ಎಂದು ಯಾವನೂ ಎದ್ದು ಮಟ್ಟಿಗೆ ಬೈದಿಲ್ಲ, ನಾಳೆಯಿಂದ ಅಗೆಯಬೇಡಿ ಎಂದಿಲ್ಲ. ಬಿದ್ದವನು ಮುರಿಯದೆ ಏಳಲಿ ಎಂದೇ ಅಲ್ಲವೇ ಅಷ್ಟು ಅಗೆದದ್ದು?

ಮೈಯಲ್ಲಿ ಕಸುವಿತ್ತು ಎಂದು ಡಾಕ್ಟರು ಆಡಿದ ಮಾತು ಆಗ ಅವನಿಗೆ ಹೊಸದಾಗಿ ಕೇಳಿಸಿತು. ಅದು ಬೆನ್ನು ತಟ್ಟುವ ಮಾತಾಗಿರಲಿಲ್ಲ.

ಮೂಲೆಯಲ್ಲಿ ಗುದ್ದಲಿ ಇತ್ತು. ಅದನ್ನು ಎತ್ತಿ ಬೀಸುವ ತ್ರಾಣ ಇರಲಿಲ್ಲ, ಎತ್ತಬಾರದು ಎಂಬ ಎಚ್ಚರವೂ ಇತ್ತು. ಕೂತಲ್ಲೇ ಅದರ ತುದಿಯಿಂದ ಒಂದು ಮೊರದಗಲ ಮಣ್ಣು ಕೆದಕಿದ. ಹೆಂಟೆಗಳನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿದ. ಅಷ್ಟಕ್ಕೇ ಏದುಸಿರು ಬಂತು. ಬೀಗ ಹಾಕದೆ ಮನೆಗೆ ಹೋದ. ಮಾರನೆಯ ದಿನ ಮತ್ತೆ ಬಂದ.

ಹೆಂಡತಿಗೆ ಗೊತ್ತಾಗಲು ಎಷ್ಟು ಹೊತ್ತು? ಧೋತರದ ಅಂಚಿನ ಕೆಮ್ಮಣ್ಣು ನೋಡಿಕೊಂಡೇ ಹಿಂದೆ ಬಂದಳು. ಗರಡಿಯ ಹೊಸ್ತಿಲಲ್ಲಿ ನಿಂತಳು. ಹೆಂಗಸರು ಮಟ್ಟಿ ತುಳಿಯಬಾರದು ಎಂಬುದು ಆ ಕಾಲದ ಕಟ್ಟಳೆ.

“ಗುದ್ದಲಿ ಕೆಳಗಿಡಿ ಅಂದೆ! ಯಮನ ಕೈಯಿಂದ ನಿಮ್ಮನ್ನ ಎಳಕೊಂಡು ಬಂದಿದ್ದು ಮಣ್ಣು ಕೆದಕೋಕಾ?”

“ಬೇಕಾದರೆ ಬಂದು ಕಿತ್ತುಕೋ” ಎಂದ ಪೈಲ್ವಾನ. ಕಟ್ಟಳೆಯ ಮೇಲೆ ಅವನಿಗೆ ಅಷ್ಟು ನಂಬಿಕೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದೇಬಿಟ್ಟಳು. ಗುದ್ದಲಿಯ ಮರದ ಕಾವು ಹಿಡಿದಳು. ಅವನು ಬಿಡಲಿಲ್ಲ. ಅವನ ಕೈ ನಡುಗುತ್ತಿರುವುದು ಕಾವಿನೊಳಗಿಂದ ಅವಳ ಕೈಗೆ ಬಂತು. ಅಷ್ಟು ನಡುಗುತ್ತಿದ್ದರೂ ಆ ಕೈ ಬಿಡುತ್ತಿಲ್ಲ ಎಂಬುದೂ ಬಂತು. ಆಸ್ಪತ್ರೆಯಿಂದ ಬಂದಮೇಲೆ ಅವನು ಏನನ್ನಾದರೂ ಹೀಗೆ ಹಿಡಿದದ್ದನ್ನು ಅವಳು ನೋಡಿರಲಿಲ್ಲ. ಅವಳು ಎಳೆಯಲಿಲ್ಲ. ಹಾಗೆಯೇ ಹಿಡಿದುಕೊಂಡು ನಿಂತಳು. ಮಾರನೆಯ ಬೆಳಗ್ಗೆ ಮಟ್ಟಿಗೆ ಬೇಕಾದ ಮಜ್ಜಿಗೆಯನ್ನು ಅವಳೇ ಹೊತ್ತು ತಂದಳು. ಕಟ್ಟಳೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಕೇಳುವ ಧೈರ್ಯವಿದ್ದವರಿಗೆ ಅವಳ ಪರಿಚಯವಿತ್ತು.

ಮೊರದಗಲ ಇದ್ದದ್ದು ಚಾಪೆಯಗಲವಾಯಿತು. ಕೂತು ಕೆದಕುತ್ತಿದ್ದವನು ನಿಂತು ಕೆದಕಿದ. ಒಂದು ದಿನ ವ್ಯಾಪಾರಿ ಬಾಗಿಲಿಗೆ ಬಂದು ಇಣುಕಿದ.

“ಏನಪ್ಪಾ ಪೈಲ್ವಾನ, ಗುಂಡಿ ನೀನೇ ತೋಡ್ಕೋತಾ ಇದ್ದೀಯಾ? ಅಷ್ಟೊಂದು ಅವಸರ ಏನಿತ್ತು?”

“ಬೀಳೋದಕ್ಕೆ ಜಾಗ ಮಾಡ್ಕೋತಾ ಇದ್ದೀನಿ. ನಿನಗೂ ಒಂದು ಮೊರದಗಲ ಮಾಡಿಡ್ಲಾ?”

ವ್ಯಾಪಾರಿ ನಗಲು ಬಾಯಿ ತೆರೆದ, ನಗು ಬರಲಿಲ್ಲ. ಹೊರಗೆ ಹೋಗಿ ಉಗುಳಿ ಬಂದು ಮಟ್ಟಿಯ ಅಂಚಿನಲ್ಲಿ ಕೂತ. ಉಗುಳಿದ್ದು ಆ ಹೊತ್ತಿನ ಹೊಗೆಸೊಪ್ಪನ್ನೋ, ಆ ಚಟವನ್ನೋ, ಗುರುಗಳಿಗೂ ಗೊತ್ತಿಲ್ಲವಂತೆ. ಆದರೆ ಗೆಳೆಯ ಒಡೆಯಲಾಗದ ಒಂದು ದೊಡ್ಡ ಹೆಂಟೆಯನ್ನು ಅವನು ತನ್ನ ಕಡೆ ಎಳೆದುಕೊಂಡ. ಆಮೇಲೆ ಒಬ್ಬೊಬ್ಬರಾಗಿ ಊರಿನವರೂ ಬಂದರು. ಅವರಿಗೆ ಪೈಲ್ವಾನ ಬುದ್ಧಿ ಹೇಳಲಿಲ್ಲ. ಅಷ್ಟು ಉಸಿರಿದ್ದರೆ ಇನ್ನೊಂದು ಹೆಂಟೆ ಒಡೆಯುತ್ತಿದ್ದ.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಹಾಲೇಶ ತಡೆಯಲಾರದೆ ಕೇಳಿದ.

“ಅವನಿಗೆ ರೋಗ ಮತ್ತೆ ಬರಲಿಲ್ಲವೇ?”

“ಬರಲಿಲ್ಲ ಎನ್ನುವವರಿದ್ದಾರೆ. ಬಂತು, ಮತ್ತೆ ಎದ್ದ ಎನ್ನುವವರೂ ಇದ್ದಾರೆ. ಎರಡು ಕತೆಯಲ್ಲೂ ಗರಡಿಯ ಬಾಗಿಲು ತೆರೆದೇ ಇತ್ತು.”

“ಆ ವ್ಯಾಪಾರಿ?”

“ಬಹಳ ಕಾಲ ಬದುಕಿದ. ಅವನ ಬಾಯಿಗೆ ಹುಣ್ಣು ತರಿಸಿ ಸಾಯಿಸಿದ್ದರೆ ಕತೆ ಚೆಂದವಾಗುತ್ತಿತ್ತು. ಊರಿನ ಹೆಸರಿನಲ್ಲಿ ಸುಳ್ಳು ಹೇಳಬಹುದು, ಇಂಥದ್ದರಲ್ಲಿ ಹೇಳಬಾರದು. ಒಬ್ಬ ಜಾರದೆ ದಾಟಿದ ಎಂದು ಪಾಚಿಗಲ್ಲು ಒಣಗುವುದಿಲ್ಲ, ಹಾಲೇಶ. ಅಲ್ಲಿ ಜಾರಿದವರೇ ಹೆಚ್ಚು.”

ಹಾಲೇಶ ಎದ್ದು ನಿಂತ. ಅಕ್ಕನ ಕಾಲಿಗೆ ಬಿದ್ದಾದರೂ ಅವಳನ್ನು ಎಬ್ಬಿಸುತ್ತೇನೆ ಎಂದ. ಎರಡು ಹೆಜ್ಜೆ ಹೋಗಿ ತಿರುಗಿ ಬಂದ.

“ಆದರೆ ಭಯವಾಗುತ್ತದೆ, ಗುರುಗಳೇ. ಮೊನ್ನೆ ಅವಳು ತಾನಾಗಿಯೇ ಎದ್ದು ಅಂಗಳಕ್ಕೆ ಹೋಗಿ ಪೊರಕೆ ಹಿಡಿದಿದ್ದಳು. ನನ್ನ ಜೀವ ಬಾಯಿಗೆ ಬಂತು. ಓಡಿಹೋಗಿ ಕಿತ್ತುಕೊಂಡು, ಒಳಗೆ ಕರೆತಂದು ಮಲಗಿಸಿದೆ. ಅದರ ಹಿಂದಿನ ವಾರ ಕೆರೆಯ ಕಡೆ ಹೊರಟಿದ್ದಳು. ಆಣೆ ಹಾಕಿ ನಿಲ್ಲಿಸಿದೆ.”

ಗುರುಗಳು ಅವನ ಮುಖವನ್ನೇ ನೋಡಿದರು.

“ಹಾಗಾದರೆ ನಿಮ್ಮಿಬ್ಬರಲ್ಲಿ ಹಾಸಿಗೆ ಹಿಡಿದಿರುವುದು ಯಾರಪ್ಪಾ?”