ಟವೆಲ್ಲಿನ ಕೆಳಗಿನ ಕೈ

“ಗುರುಗಳೇ, ಈ ದೊಡ್ಡ ಫೋನು ನನ್ನ ಮನಸ್ಸನ್ನು ಕೆಡಿಸಿದೆ. ಇದನ್ನು ಬಿಟ್ಟು ಅಗ್ಗದ ಬಟನ್ ಫೋನ್ ತೆಗೆದುಕೊಂಡರೆ ನೆಮ್ಮದಿ ಸಿಗುತ್ತದೆಯೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಅವನನ್ನೇ ದಿಟ್ಟಿಸಿ ನೋಡಿದರು. “ಫೋನು ಕೆಡಿಸಿತೇ? ಪಾಪ, ನೀನೇನೂ ಮಾಡಲಿಲ್ಲ. ಕೂತುಕೋ, ಒಬ್ಬ ಎತ್ತಿನ ವ್ಯಾಪಾರಿಯ ಕತೆ ಹೇಳುತ್ತೇನೆ.

“ಅವನಿಗೆ ಮಂಡಿನೋವು. ಸಂತೆಗೆ ತಮ್ಮನೇ ಹೋಗುತ್ತಿದ್ದ. ಇವನು ಮನೆಯಲ್ಲಿ ಕುಳಿತು ದೊಡ್ಡ ಫೋನಿನಲ್ಲಿ ತಮ್ಮನ ಮೇಲೆ ಕಣ್ಣಿಟ್ಟಿರುತ್ತಿದ್ದ. ಎಲ್ಲಿದ್ದಾನೆ, ಯಾರ ಜೊತೆ ಚಹಾ ಕುಡಿಯುತ್ತಿದ್ದಾನೆ, ಎಲ್ಲವನ್ನೂ ಅವನು ವಿಡಿಯೋದಲ್ಲಿ ತೋರಿಸಬೇಕು. ಒಂದು ದಿನ ತಮ್ಮನ ಪಕ್ಕದಲ್ಲಿ ಬೇರೊಬ್ಬ ವ್ಯಾಪಾರಿ ಕಂಡ. ಅಷ್ಟೇ, ಇವನಿಗೆ ಅನ್ನ ಸೇರಲಿಲ್ಲ. ಇಬ್ಬರೂ ಸೇರಿ ನನಗೆ ಟೋಪಿ ಹಾಕುತ್ತಿದ್ದಾರೆ ಎಂದುಕೊಂಡ. ಕೊನೆಗೆ ಈ ಸಂಕಟವೆಲ್ಲ ಫೋನಿನದೇ ಎಂದು ಅದನ್ನು ಮಾರಿ ಬಟನ್ ಫೋನ್ ಕೊಂಡ. ಎಂಥ ಸರಳ ಮನುಷ್ಯ ಎಂದು ಊರವರು ಹೊಗಳಿದರು. ನಿನಗೂ ಅಂಥ ಹೊಗಳಿಕೆಯ ಆಸೆ ಇರಬಹುದು, ಇರಲಿ.

“ಒಂದು ವಾರ ಹಾಯಾಗಿದ್ದ. ಆಮೇಲೆ ಶುರುವಾಯಿತು. ಗಳಿಗೆಗೊಮ್ಮೆ ಫೋನ್ ಮಾಡಿ ‘ಎಲ್ಲಿದ್ದೀಯ?’ ಎನ್ನುವುದು. ‘ಸಂತೆಯಲ್ಲಿ, ಅಣ್ಣ’ ಎಂದರೆ ‘ಹಾಗಾದರೆ ಎತ್ತಿನ ಗಂಟೆ ಕೇಳಿಸು’ ಎನ್ನುವುದು. ಆ ಪುಣ್ಯಾತ್ಮ ಕೆಲಸ ಬಿಟ್ಟು ಎತ್ತಿನ ಕೊರಳ ಹತ್ತಿರ ಫೋನ್ ಹಿಡಿಯುತ್ತಿದ್ದ. ಗಂಟೆ ಕೇಳಿದ ಮೇಲೂ ಇವನಿಗೆ ಅದು ಯಾರ ಎತ್ತೋ ಎಂಬ ಅನುಮಾನ.

“ಆ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ ಹೊದಿಸಿ, ಅದರ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಹೇಳುತ್ತಾರೆ. ಅದು ಕೊಳ್ಳುವವನಿಗೂ ಮಾರುವವನಿಗೂ ಮಾತ್ರ ಗೊತ್ತಿರಬೇಕು. ಒಂದು ದಿನ ತಮ್ಮ ಒಬ್ಬ ರೈತನ ಕೈ ಹಿಡಿದಿದ್ದಾಗಲೇ ಫೋನ್ ಬಂತು. ‘ಎಷ್ಟು ಹೇಳುತ್ತಿದ್ದಾನೆ?’ ಎಂದ ಅಣ್ಣ. ‘ಇಲ್ಲಿ ಬಾಯಿಬಿಟ್ಟು ಹೇಳುವ ಹಾಗಿಲ್ಲ ಅಣ್ಣ, ನಿನಗೇ ಗೊತ್ತಲ್ಲ.’ ‘ಹೇಳದಿದ್ದರೆ ನೀನು ಕಳ್ಳ.’

“ತಮ್ಮನ ಕಣ್ಣಲ್ಲಿ ನೀರು ಬಂತು. ಹೇಳಿಬಿಟ್ಟ. ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ರೈತ ಕೈ ಎಳೆದುಕೊಂಡ. ಮುಂದಿನ ಸಂತೆಯಲ್ಲಿ ತಮ್ಮನ ಟವೆಲ್ಲಿನ ಕೆಳಗೆ ಒಬ್ಬನೂ ಕೈ ಇಡಲಿಲ್ಲ. ಇಪ್ಪತ್ತು ವರ್ಷ ಕಾಪಾಡಿಕೊಂಡ ನಂಬಿಕೆ ಒಂದು ಮಾತಿಗೆ ಹೋಯಿತು. ಅವನು ಟವೆಲ್ಲನ್ನು ಅಣ್ಣನ ಮುಂದಿಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟ. ಆ ಮೂರ್ಖ ಅಣ್ಣ ಆಗಲೂ ಅಳಲಿಲ್ಲ. ತಮ್ಮನನ್ನು ಯಾರು ಕರೆಸಿಕೊಂಡಿರಬಹುದು ಎಂದು ಯೋಚಿಸುತ್ತಾ ಕುಳಿತ.”

ಚನ್ನವೀರ, “ಹಾಗಾದರೆ ದೊಡ್ಡ ಫೋನನ್ನೇ ಇಟ್ಟುಕೊಳ್ಳಲೇ?” ಎಂದ.

“ಯಾವುದನ್ನಾದರೂ ಇಟ್ಟುಕೋ,” ಎಂದರು ಗುರುಗಳು, “ಅದರಲ್ಲಿ ದಿನವೂ ಯಾರ ಮೇಲೆ ಕಣ್ಣಿಟ್ಟಿದ್ದೀಯ, ಅದನ್ನು ಮೊದಲು ಹೇಳು.”