ಆಸರೆ ಮನೆಯಲ್ಲಿ ನಿಂತವರು

ಎಂದಿನಂಥದೇ ಒಂದು ಸಂತೆಯ ದಿನ. ಹೊಂಬಳ್ಳಿಯ ಅರಸ ವೀಳ್ಯ ಮೆಲ್ಲುತ್ತ ಆಸರೆ ಮನೆಯ ವಿಚಾರ ಎತ್ತಿದ. ಹೊಸದಾಗಿ ಕಸುಬು ಹೂಡುವ ಬಡವರಿಗೆಂದು ಅವನ ತಾಯಿ ತೀರಿಕೊಳ್ಳುವ ಮುಂಚೆ ಕಟ್ಟಿಸಿದ ಧರ್ಮದ ಮನೆ ಅದು. ವ್ಯಾಪಾರ ಕುದುರುವ ತನಕ ಕೋಣೆ, ಉಪಕರಣ, ಊಟ ಎಲ್ಲವೂ ಪುಕ್ಕಟೆ.

“ಬಂದವರಲ್ಲಿ ಎಷ್ಟು ಮಂದಿ ನಿಂತರು?” ಎಂದು ಕೇಳಿದ.

“ಎಲ್ಲರೂ ನಿಂತಿದ್ದಾರೆ, ಮಹಾಸ್ವಾಮಿ,” ಎಂದ ಆ ಮನೆಯ ಪಾರುಪತ್ಯಗಾರ ಅಡವಯ್ಯ. “ನಿಲ್ಲದೆ ಹೋದವಳು ಒಬ್ಬಳೇ, ಬಾಚಣಿಗೆಯ ದ್ಯಾಮವ್ವ.”

ಅರಸ ಹಿಗ್ಗಿದ. ಅದೇ ಸಮಯ ನೋಡಿ ಅಡವಯ್ಯ, ಮನೆ ತುಂಬಿಹೋಗಿದೆ, ಪಕ್ಕದ ಜಾಗ ಕೊಟ್ಟರೆ ಇನ್ನೊಂದು ಊಟದ ಸಾಲೆ ಕಟ್ಟಬಹುದು ಎಂದು ಬಿನ್ನವಿಸಿದ. ಪಕ್ಕದ ಜಾಗದಲ್ಲಿದ್ದದ್ದು ದ್ಯಾಮವ್ವನ ಅಂಗಡಿ. ನಿಲ್ಲದೆ ಹೋದವಳ ಅಂಗಡಿ ತಾನೆ ಎಂದು, ಸಂಜೆಯೊಳಗೆ ಅದನ್ನು ಕೀಳಿಸಲು ಅರಸ ಒಪ್ಪಿಯೂ ಬಿಟ್ಟ.

ಆಸ್ಥಾನದ ಜಾಣ ಸಿರಿಯಣ್ಣ ಎದ್ದು ಕೈಮುಗಿದ. “ಇಷ್ಟು ಜನರನ್ನು ನಿಲ್ಲಿಸಿದವರಿಗೆ ಬರೀ ಜಾಗ ಸಾಕೆ, ಪ್ರಭು? ಚಿನ್ನದ ಕಡಗ ತೊಡಿಸಬೇಕು. ನಿಂತವರನ್ನು ಕಣ್ಣಾರೆ ಕಂಡು, ಅಲ್ಲೇ ತೊಡಿಸಿ.”

ಅಡವಯ್ಯ ಆಗಲೇ ಮುಂಗೈ ಸವರಿಕೊಂಡ.

ಸಿರಿಯಣ್ಣ ಹೊತ್ತು ನೋಡಿಯೇ ಅರಸನನ್ನು ಕರೆದೊಯ್ದ. ಆಸರೆ ಮನೆಯಲ್ಲಿ ಪಂಕ್ತಿ ಸಾಗಿತ್ತು. ಅರಸನನ್ನು ಕಂಡು ಎಲ್ಲರೂ ಗಡಬಡಿಸಿದಾಗ, ಊಟದ ನಡುವೆ ಏಳಬಾರದೆಂದು ಅವನೇ ತಡೆದ.

ತುದಿಯ ಎಲೆಯಲ್ಲಿದ್ದ ಕಂಬಳಿ ನೇಯುವವನನ್ನು, ಬಂದು ಎಷ್ಟು ಕಾಲವಾಯಿತೆಂದು ವಿಚಾರಿಸಿದ. ಬಂದಾಗ ಮೀಸೆ ಮೂಡಿರಲಿಲ್ಲ, ಈಗ ನೆರೆತಿದೆ ಎಂದ ಆತ.

“ನಿನ್ನ ಅಂಗಡಿ ಎಲ್ಲಿ?”

“ಅಂಗಡಿ ಯಾಕೆ ಬುದ್ಧಿ? ಇಲ್ಲಿ ಸಾರು ಚೆನ್ನಾಗಿರುತ್ತೆ.”

ಅರಸನ ಮುಖ ಸಪ್ಪಗಾಯಿತು. “ಸಿರಿಯಣ್ಣ, ನಿಂತವರು ಎಲ್ಲಯ್ಯ?”

ಸಿರಿಯಣ್ಣ ಪಕ್ಕದ ಕಿಟಕಿ ತೆರೆದ. ಆಚೆ ದ್ಯಾಮವ್ವನ ಅಂಗಡಿಯ ಮುಂದೆ ಹೆಂಗಸರ ನೂಕುನುಗ್ಗಲು. ಕೊಂಬಿನ ಬಾಚಣಿಗೆಯ ಹಲ್ಲು ಉಜ್ಜುತ್ತಲೇ ಅವಳು ತಲೆಯೆತ್ತಿ ಅರಸನನ್ನು ಕಂಡಳು.

“ಒಂದು ಗಳಿಗೆ ತಾಳಿ ಬುದ್ಧಿ, ಈ ಅಕ್ಕನದು ಮುಗಿಸಿಕೊಟ್ಟು ಬರ್ತೀನಿ.”

“ನೋಡಿ ಪ್ರಭು, ಕೂರಲೂ ಪುರುಸೊತ್ತಿಲ್ಲ,” ಎಂದ ಸಿರಿಯಣ್ಣ. “ಈ ಮನೆಗೆ ಬಂದವರಲ್ಲಿ ನಿಂತವಳು ಅವಳೊಬ್ಬಳೇ. ಮಿಕ್ಕವರೆಲ್ಲ ಕೂತಿದ್ದಾರೆ.”

ಪಂಕ್ತಿಯಲ್ಲಿದ್ದವರೇ ಮೊದಲು ನಕ್ಕರು. ಆಮೇಲೆ ಅರಸ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕಡಗವನ್ನು ಕಿಟಕಿಯಿಂದಲೇ ದ್ಯಾಮವ್ವನಿಗೆ ಕೊಟ್ಟ. ಅಂಗಡಿಯನ್ನು ಯಾರೂ ಮುಟ್ಟಬಾರದೆಂದ. ಇನ್ನು ಮೇಲೆ ಒಳಗಿರುವವರ ಲೆಕ್ಕ ಬೇಡ, ಹೊರಗೆ ಹೋಗಿ ಬದುಕಿದವರ ಸುದ್ದಿ ತಂದು ಹೇಳು ಎಂದು ಅಡವಯ್ಯನಿಗೆ ಅಪ್ಪಣೆಯಾಯಿತು.

ಮುಂದಿನ ಸಂತೆಯಲ್ಲಿ ಎರಡು ಹೊಸ ಅಂಗಡಿಗಳಿದ್ದವು.