ಸೀದ ಪಾಯಸದ ಪರಿಮಳ

ಪದ್ಮನಾಭ ಭಟ್ಟರು ಉಡುಪಿ ಕಡೆಯ ದೊಡ್ಡ ಅಡುಗೆಯವರು. ಮದುವೆ, ಉಪನಯನ ಎಂದರೆ ಜನ ಮುಹೂರ್ತ ಇಡುವ ಮೊದಲು ಅವರಿಗೆ ಬಿಡುವಿದೆಯೇ ಎಂದು ಕೇಳುತ್ತಿದ್ದರು. ಅವರ ಕೈಕೆಳಗೆ ವಾದಿರಾಜ ಎಂಬ ಸಹಾಯಕನಿದ್ದ. ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದವನಿಗೆ ಈಗ ತಲೆ ಅರ್ಧ ನರೆತಿತ್ತು. ಇನ್ನೂ ಸಹಾಯಕನೇ.

ಅವರ ಅಡುಗೆಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ದೇವರಿಗೆ ನೈವೇದ್ಯ ಆಗುವ ತನಕ ಯಾರೂ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು, ಹುಳಿ, ಬೆಂದ ಹದ ಎಲ್ಲವನ್ನೂ ಒಲೆಯ ಮೇಲಿಂದ ಎದ್ದು ಬರುವ ಪರಿಮಳದಲ್ಲೇ ತಿಳಿಯಬೇಕು. ಭಟ್ಟರ ಮೂಗನ್ನು ಊರೆಲ್ಲ ಹೊಗಳುತ್ತಿತ್ತು.

ಭಟ್ಟರಿಗೊಂದು ಅಭ್ಯಾಸವಿತ್ತು. ಯಾವ ಪಾತ್ರೆ ಇಳಿಸುವ ಮೊದಲೂ ವಾದಿರಾಜನನ್ನು ಕರೆದು, "ಪರಿಮಳ ಬಂತಾ ಮಾರಾಯ?" ಎಂದು ಕೇಳುತ್ತಿದ್ದರು. "ಹುಳಿ ಸ್ವಲ್ಪ ಮುಂದೆ ಉಂಟು, ಬೆಲ್ಲ ಬೇಕು" ಎಂದು ಅವನು ಹೇಳಿದರೆ ಬೆಲ್ಲ ಹಾಕುತ್ತಿದ್ದರು. ಅವನು "ಬಂತು" ಅಂದ ಮೇಲೆ ಪಾತ್ರೆ ಇಳಿಯುತ್ತಿತ್ತು. ಊಟ ಮುಗಿದ ಮೇಲೆ ಶಾಲು ಮಾತ್ರ ಭಟ್ಟರ ಹೆಗಲಿಗೆ.

ವಾದಿರಾಜನ ಹೊಟ್ಟೆ ಉರಿಯುತ್ತಿತ್ತು. ಅವನ ಜೊತೆ ತರಕಾರಿ ಹೆಚ್ಚಿದವರೆಲ್ಲ ಸ್ವಂತ ತಂಡ ಕಟ್ಟಿದ್ದರು. ತನಗೆ ಮಾತ್ರ ಈ ಭಟ್ಟರು ಏನೂ ಕಲಿಸಲಿಲ್ಲ, ನಾಯಿಯ ಹಾಗೆ ಮೂಸುವುದರಲ್ಲೇ ಜನ್ಮ ಕಳೆಯಿತು ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದ. ಬಾಯಿ ಬಿಟ್ಟು ಕೇಳಿದ್ದು ಒಂದು ದಿನವೂ ಇಲ್ಲ. ಇಂಥವರನ್ನು ನಾನೂ ನೋಡಿದ್ದೇನೆ, ನೀವೂ ನೋಡಿರುತ್ತೀರಿ. ಕನ್ನಡಿಯಲ್ಲಿ ನೋಡಿದವರು ಕೈ ಎತ್ತಬೇಕಾಗಿಲ್ಲ.

ಒಂದು ಮದುವೆಯ ದಿನ ಅವನು ನಿರ್ಧಾರ ಮಾಡಿಬಿಟ್ಟ. ಇದೇ ಕೊನೆ. ನಾಳೆಯಿಂದ ಒಲೆಯ ಮುಖ ನೋಡುವುದಿಲ್ಲ, ಭಾವನ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಕೊಂಡಿರುತ್ತೇನೆ ಎಂದುಕೊಂಡ.

ಕೊಪ್ಪರಿಗೆಯಲ್ಲಿ ಕಡಲೆಬೇಳೆ ಪಾಯಸ ಕುದಿಯುತ್ತಿತ್ತು. ಉಳಿದವರು ಎಲೆ ಹಾಕಲು ಹೋಗಿದ್ದರು. ಸೌಟು ಆಡಿಸಬೇಕಾದ ವಾದಿರಾಜ ಮುಖ ಊದಿಸಿಕೊಂಡು ನಿಂತಿದ್ದ. ಪಾಯಸ ಅಡಿ ಹಿಡಿಯಿತು. ಸೀದ ವಾಸನೆ ಅವನ ಮೂಗಿಗೆ ಬಡಿಯಿತು.

"ಪರಿಮಳ ಬಂತಾ ಮಾರಾಯ?" ಭಟ್ಟರು ಕೇಳಿದರು.

ವಾದಿರಾಜ ಹಲ್ಲು ಕಚ್ಚಿ "ಬಂತು" ಅಂದ. ಅವರಿಗೂ ಮೂಗಿದೆಯಲ್ಲ, ನೋಡಿ ಬೈಯಲಿ, ಬೈದ ಕೂಡಲೇ ಹೆಗಲ ಮೇಲಿನ ಬೈರಾಸು ಕೊಡವಿ ಹೊರಡುತ್ತೇನೆ ಎಂದು ಕಾದ.

ಭಟ್ಟರು ಕೊಪ್ಪರಿಗೆಯ ಮೇಲೆ ಬಗ್ಗಿದರು. ಸೀದ ಘಾಟು ನೇರ ಅವರ ಮುಖಕ್ಕೇ ಎದ್ದಿತು. ಅವರು ನೆಮ್ಮದಿಯಿಂದ ಉಸಿರೆಳೆದುಕೊಂಡು, "ಏಲಕ್ಕಿ ಒಳ್ಳೆ ಹೊಂದಿದೆ" ಅಂದರು. ನೈವೇದ್ಯದ ಬೆಳ್ಳಿ ಬಟ್ಟಲಿಗೆ ಒಂದು ಸೌಟು ಹಾಕಿಕೊಂಡು ಬಾಗಿಲ ಕಡೆ ನಡೆದರು.

ವಾದಿರಾಜನಿಗೆ ಆಗ ಹೊಳೆಯಿತು. ಈ ಮನುಷ್ಯನಿಗೆ ವಾಸನೆಯೇ ತಿಳಿಯುವುದಿಲ್ಲ. ಅಷ್ಟು ಹೊತ್ತಿನ ಸಿಟ್ಟು ಎಲ್ಲಿ ಹೋಯಿತೋ, ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಕೊಂಡುಹೋಗಬೇಡಿ ಭಟ್ರೇ. ಅಡಿ ಹಿಡಿದಿದೆ. ನಾನು ಸುಳ್ಳು ಹೇಳಿದೆ. ನಿಮಗೆ ಗೊತ್ತಾಗ್ಲಿಲ್ವಾ?"

ಭಟ್ಟರು ಬಟ್ಟಲನ್ನು ಕೆಳಗಿಟ್ಟರು.

"ಹಿಂದೆ ನನಗೆ ದೊಡ್ಡ ಜ್ವರ ಬಂದಿತ್ತಲ್ಲ, ಅಂದಿನಿಂದ ಮೂಗು ಸತ್ತಿದೆ ಮಾರಾಯ. ಹೇಳಿದರೆ ನನ್ನನ್ನು ಯಾರು ಕರೀತಾರೆ?"

"ಆ ಜ್ವರ ಬಂದಾಗ ನನ್ನ ಮಗಳು ಹುಟ್ಟಿರಲಿಲ್ಲ. ಈಗ ಅವಳು ಕಾಲೇಜಿಗೆ ಹೋಗ್ತಾಳೆ. ಅಷ್ಟು ವರ್ಷ ಅಡುಗೆ ಮಾಡಿದ್ದು ಯಾರು ಹಾಗಾದ್ರೆ?"

"ನೀನೇ" ಅಂದರು ಭಟ್ಟರು. "ನೀನು ಬಂತು ಅಂದದ್ದನ್ನು ನಾನು ಇಳಿಸಿದೆ, ಅಷ್ಟೇ. ನೀನು ಬಿಟ್ಟುಹೋಗ್ತೀಯ ಅಂತ ಹೆದರಿ ಹೇಳಲಿಲ್ಲ. ನಿನ್ನನ್ನು ಹಿಡಿದಿಟ್ಟದ್ದು ನನ್ನ ತಪ್ಪು. ಆದರೆ ಇಷ್ಟು ವರ್ಷ ನಿನಗೂ ಗೊತ್ತಾಗ್ಲಿಲ್ವಲ್ಲ."

ವಾದಿರಾಜ ಗೋಡೆಗೆ ಒರಗಿ ನಿಂತ. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಗಾಬರಿ ಅದಕ್ಕಿಂತ ದೊಡ್ಡದಾಗಿತ್ತು. ಊರು ಹೊಗಳಿದ ಊಟವೆಲ್ಲ ತನ್ನದು. ಅದು ತಿಳಿಯದೆ ತಾನು ಪೊಟ್ಟಣ ಕಟ್ಟಲು ಹೊರಟಿದ್ದ. ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತದೆ.

"ಮುಂದಿನ ಮದುವೆಗೆ ನನ್ನ ಹೆಸರು ಹೇಳಬೇಕು ಭಟ್ರೇ" ಅಂದ. ಬಾಯಿ ಬಿಟ್ಟು ಅವನು ಕೇಳಿದ್ದು ಅದೇ ಮೊದಲು.

"ಹೇಳ್ತೇನೆ. ಮೊದಲು ಇವತ್ತಿನದ್ದು ನೋಡು."

ಬೇಳೆ ಬೇಯಿಸಲು ಹೊತ್ತಿರಲಿಲ್ಲ. ವಾದಿರಾಜ ಬೇರೆ ಪಾತ್ರೆಯಲ್ಲಿ ಹಾಲು ಇಟ್ಟು ಶ್ಯಾವಿಗೆ ಹುರಿದ. ಭಟ್ಟರು ಪಕ್ಕದಲ್ಲಿ ಕುಳಿತು ಗೋಡಂಬಿ ಸೀಳಿಕೊಟ್ಟರು. ಪಾಯಸ ಕುದಿದು ಪರಿಮಳ ಎದ್ದಿತು. ಅಭ್ಯಾಸಬಲದಿಂದ ಅವನು "ಬಂತು" ಅಂದ.

ಯಾರೂ ಕೇಳಿರಲಿಲ್ಲ. ಪಾತ್ರೆಯನ್ನು ಅವನೇ ಇಳಿಸಿದ.

ನೀತಿ: ಇದ್ದಲ್ಲೇ ಉಳಿದುಬಿಟ್ಟೆ ಎಂದು ಕೊರಗುವವರು, ಇದ್ದಲ್ಲಿ ತಮ್ಮಿಂದ ಏನೇನು ನಡೆಯುತ್ತಿದೆ ಎಂದು ಒಮ್ಮೆ ಕಣ್ಣು ಬಿಟ್ಟು ನೋಡಬೇಕು. ಬಯಸಿದ ಕೆಲಸವನ್ನು ಬೇರೆಯವರ ಹೆಸರಿನಲ್ಲಿ ಆಗಲೇ ಮಾಡುತ್ತಿರಬಹುದು. ತಿಳಿದ ಮೇಲೆ ಬಾಯಿ ಬಿಟ್ಟು ಕೇಳಬೇಕು. ಒಳಗೊಳಗೇ ಬೈಯುತ್ತ ನಿಂತರೆ ಸೀಯುವುದು ನಮ್ಮದೇ ಪಾಯಸ.